ಜಗಳೂರಿನ ಹುಡುಗಿ ಬಿಟ್ಟ ಅಕ್ಷರಗಳು

ಆರನೇ ತಿಂಗಳ ಹೊತ್ತಿಗೆ ನನಗೆ ಮಕ್ಕಳ ಮಾತು ಅಂದರೆ ಸಾಕುಸಾಕಾಗಿತ್ತು. ಹಾಗೆ ಹೇಳಿಕೊಳ್ಳಲು ನಾಚಿಕೆಯಿಲ್ಲ. ತೊದಲು ಮಾತು ಕೇಳುವುದಕ್ಕೆ ಎಷ್ಟು ಚೆನ್ನ ಎನ್ನುವವರು ಒಂದೇ ತೊದಲನ್ನು ಹೆಡ್‌ಫೋನ್ ಹಾಕಿಕೊಂಡು ನಲವತ್ತು ಸಲ ಹಿಂದಕ್ಕೆ ಓಡಿಸಿ ಕೇಳಿದವರಲ್ಲ.

ನಮ್ಮದು ಹಳ್ಳಿಮನೆಗಳಲ್ಲಿ ಚಿಕ್ಕ ಮಕ್ಕಳು ಮಾತು ಕಲಿಯುವುದನ್ನು ದಾಖಲಿಸುವ ಯೋಜನೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಹೀಗೆ ನಾಲ್ಕು ತಾಲ್ಲೂಕು, ಒಂದೊಂದರಲ್ಲಿ ಇಬ್ಬರು ಮಕ್ಕಳು. ಶುರುವಾದಾಗ ಎಲ್ಲರಿಗೂ ಸುಮಾರು ಒಂದೂವರೆ, ಎರಡು ವರ್ಷ. ತಿಂಗಳಿಗೊಮ್ಮೆ ಪ್ರತಿ ಮನೆಗೂ ಹೋಗಿ ಒಂದು ಗಂಟೆ ಧ್ವನಿ ಮುದ್ರಿಸಿಕೊಂಡು ಬರುವುದು, ಆಮೇಲೆ ದಾವಣಗೆರೆಯ ಬಾಡಿಗೆ ಕೋಣೆಯಲ್ಲಿ ಕುಳಿತು ಅದನ್ನು ಅಕ್ಷರಕ್ಕಿಳಿಸುವುದು ನನ್ನ ಕೆಲಸ. ಯೋಜನೆಯ ಮುಖ್ಯಸ್ಥೆ ಬೇರೆ ಊರಿನಲ್ಲಿದ್ದರು. ಊರೂರು ತಿರುಗಲು ಇದ್ದವಳು ನಾನೊಬ್ಬಳೇ.

ಬೆಂಕಿಪೊಟ್ಟಣದಷ್ಟು ದೊಡ್ಡ ರೆಕಾರ್ಡರನ್ನು ಬಟ್ಟೆಯ ಚೀಲದಲ್ಲಿ ಹಾಕಿ ಮಗುವಿನ ಅಂಗಿಯ ಎದೆಗೆ ಪಿನ್ನು ಮಾಡುತ್ತಿದ್ದೆ. ಮೊದಲ ಹತ್ತು ನಿಮಿಷ ಮಗು ಅದನ್ನೇ ಕೀಳಲು ನೋಡುತ್ತಿತ್ತು, ಆಮೇಲೆ ಮರೆಯುತ್ತಿತ್ತು. ನಾನು ಮೂಲೆಯಲ್ಲಿ ನೋಟ್‌ಬುಕ್ ಹಿಡಿದು ಕೂರಬೇಕು. ಮಗುವಿನ ಜೊತೆ ಮಾತಾಡಬಾರದು, ನಗಬಾರದು, ಅದು ಬಂದು ಮೊಣಕಾಲು ಹಿಡಿದರೂ ಎತ್ತಿಕೊಳ್ಳಬಾರದು. ಎಷ್ಟು ನಿಮಿಷಕ್ಕೆ ಏನಾಯಿತು ಎಂದು ಬರೆದುಕೊಳ್ಳಬೇಕು, ಅಷ್ಟೇ. ಕ್ಯಾಮೆರಾ ಬೇಡ ಎಂದು ಮುಖ್ಯಸ್ಥೆ ಮೊದಲೇ ಹೇಳಿದ್ದರು. ಕ್ಯಾಮೆರಾ ಕಂಡರೆ ಮನೆಯವರು ಸೀರೆ ಬದಲಾಯಿಸಿ, ಪುಸ್ತಕದ ಕನ್ನಡ ಮಾತಾಡಲು ಶುರುಮಾಡುತ್ತಾರೆ. ಆ ಮಾತು ನಿಜವೇ.

ಮುದ್ರಿಸುವುದು ಸುಲಭ. ಒಂದು ಗಂಟೆಯ ಧ್ವನಿಯನ್ನು ಬರೆದಿಳಿಸಲು ಮೂರು ನಾಲ್ಕು ದಿನ ಹಿಡಿಯುತ್ತಿತ್ತು. ಮಿಕ್ಸಿ, ಟಿವಿ, ಕೋಳಿ, ಪಕ್ಕದ ಮನೆಯ ಬೈಕು, ಇವೆಲ್ಲದರ ನಡುವೆ ಎಲ್ಲೋ ಒಂದು 'ಬಾ'. ಅದು ಮಾತೋ, ಬರೀ ಸದ್ದೋ? ನಮ್ಮ ನಿಯಮದ ಪ್ರಕಾರ ಒಂದೇ ಸಂದರ್ಭಕ್ಕೆ ಮೂರು ಸಲ ಬಂದರೆ ಅದು ಪದ. ಎರಡು ಸಲ ಬಂದು ನಿಂತುಹೋದ ಎಷ್ಟು 'ಬಾ'ಗಳನ್ನು ಕೈಬಿಟ್ಟೆನೋ ಲೆಕ್ಕವಿಲ್ಲ. ಆಮೇಲೆ ಪದಗಳನ್ನು ವರ್ಗಗಳ ಕೋಷ್ಟಕಕ್ಕೆ ಹಾಕಬೇಕು: ಕವರ್ಗ, ಚವರ್ಗ, ಟವರ್ಗ ಹೀಗೆ ಮಗುವಿನ ಬಾಯಿಗೆ ಯಾವ ಧ್ವನಿ ಯಾವ ತಿಂಗಳಲ್ಲಿ ಬಂತು ಎಂಬುದಕ್ಕೆ. ಕೊನೆಯಲ್ಲಿ ಇನ್ನೊಂದು ಕಾಲಂ: ದೊಡ್ಡವರು ಹೇಳಿದ್ದು ಮಗುವಿಗೆ ತಿಳಿಯಿತೇ? ತಿಳಿದರೆ ಒಂದು ಟಿಕ್ ಗುರುತು.

ಆರು ತಿಂಗಳಲ್ಲಿ ಎಂಟು ಮಕ್ಕಳು ಐದಾದರು. ಹೊನ್ನಾಳಿಯಲ್ಲಿ ಒಂದು ಮಗುವಿಗೆ ನಾನು ಹೋಗಿಬಂದ ಮಾರನೇ ದಿನವೇ ವಾಂತಿಭೇದಿ ಶುರುವಾಗಿ, ಆ ಮನೆಯ ಅಜ್ಜಿ "ನಿನ್ನ ಡಬ್ಬಿ ಬಂದು ನಮ್ಮ ಕೂಸಿಗೆ ದೃಷ್ಟಿ ಆತು, ಇನ್ನು ಬರಬ್ಯಾಡವ್ವಾ" ಎಂದು ಬಾಗಿಲಲ್ಲೇ ಕೈ ಮುಗಿದರು. ನ್ಯಾಮತಿಯ ಒಬ್ಬ ತಾಯಿ ಎರಡನೇ ಹೆರಿಗೆಗೆ ತವರಿಗೆ ಹೋದವಳು ಬರಲೇ ಇಲ್ಲ. ಜಗಳೂರಿನಲ್ಲಿ ಒಂದು ಮನೆಯವರು ಮೂರು ಸಲ ಬಾಗಿಲಿಗೆ ಬೀಗ ಹಾಕಿಕೊಂಡು ಹೊರಗೆ ಹೋದರು. ನಾಲ್ಕನೇ ಸಲ ನಾನೇ ಹೋಗಲಿಲ್ಲ. ಹಾಗಾಗಿ ಜಗಳೂರು ತಾಲ್ಲೂಕಿಗೆ ಉಳಿದದ್ದು ಒಂದೇ ಮಗು.

ಆ ಮಗು ಹೆಣ್ಣು. ಮನೆಯಲ್ಲಿ ಪುಟ್ಟಿ ಎಂದು ಕರೆಯುತ್ತಿದ್ದರು. ಜಗಳೂರಿನಿಂದ ಆಟೋದಲ್ಲಿ ಅರ್ಧ ಗಂಟೆಯ ಹಳ್ಳಿ. ಅಪ್ಪ ಬೇರೆಯವರ ಟ್ರ್ಯಾಕ್ಟರ್ ಓಡಿಸುತ್ತಿದ್ದ, ನಾನು ಹೋದಾಗ ಮನೆಯಲ್ಲಿ ಇರುತ್ತಿದ್ದದ್ದೇ ಕಡಿಮೆ. ತಾಯಿ ಇಪ್ಪತ್ತೈದರ ಆಸುಪಾಸಿನವಳು. ಕೈ ಸುಮ್ಮನೆ ಇಟ್ಟುಕೊಳ್ಳುವುದೇ ಗೊತ್ತಿಲ್ಲದ ಹೆಂಗಸು. ಶೇಂಗಾ ಸುಲಿಯುತ್ತಲೇ ಮಗುವಿನ ಜೊತೆ ಒಂದೇ ಸಮನೆ ಮಾತಾಡುತ್ತಿದ್ದಳು. ನನಗೆ ಅದು ಖುಷಿಯ ಮನೆ. ತಾಯಿ ಮಾತಾಡಿದಷ್ಟೂ ನನ್ನ ಪುಟ ತುಂಬುತ್ತಿತ್ತು. ಮಗು ಮಾತಾಡುವುದು ಕಡಿಮೆಯಿದ್ದರೂ ಹೇಳಿದ್ದೆಲ್ಲ ಮಾಡುತ್ತಿತ್ತು. "ಪುಟ್ಟೀ, ಚೊಂಬು ತಗಂಬಾ" ಎಂದು ತಾಯಿ ಹೇಳಿದ ಮೇಲೆ ಧ್ವನಿಯಲ್ಲಿ ಪುಟ್ಟ ಹೆಜ್ಜೆ, ಆಮೇಲೆ ಚೊಂಬು ನೆಲಕ್ಕೆ ತಾಗಿದ ಸದ್ದು. ಟಿಕ್. "ಅಜ್ಜೀಗೆ ಕೊಡು." ಟಿಕ್. "ಕದ ಹಾಕು." ಟಿಕ್. ಆರು ತಿಂಗಳಲ್ಲಿ ಐದು ಮಕ್ಕಳ ಪೈಕಿ ತಿಳಿವಳಿಕೆಯ ಕಾಲಂನಲ್ಲಿ ಅತಿ ಹೆಚ್ಚು ಗುರುತು ಬಿದ್ದದ್ದು ಅವಳಿಗೇ.

ಆರು ತಿಂಗಳ ವರದಿ ಕಳಿಸುವ ಮುಂಚೆ ಐವರ ಕೋಷ್ಟಕಗಳನ್ನೂ ಮೇಜಿನ ಮೇಲೆ ಪಕ್ಕಪಕ್ಕ ಹರಡಿ ನೋಡುತ್ತಿದ್ದೆ. ಮಧ್ಯಾಹ್ನ, ವಿಪರೀತ ಸೆಕೆ, ಫ್ಯಾನು ಗಾಳಿಗೆ ಹಾಳೆ ಹಾರಬಾರದೆಂದು ಒಂದೊಂದರ ಮೇಲೂ ಒಂದೊಂದು ಲೋಟ ಇಟ್ಟಿದ್ದೆ. ಜಗಳೂರಿನ ಹಾಳೆ ದೂರದಿಂದಲೇ ಬೇರೆ ಥರ ಕಾಣುತ್ತಿತ್ತು. ಅಪ್ಪ, ಅಮ್ಮ, ಬಾ, ಪಾಪ, ಮಮ್ಮು, ಬೌ. ಪವರ್ಗದ ಸಾಲು ತುಂಬಿತ್ತು. ತವರ್ಗದಲ್ಲಿ ಒಂದೆರಡು. ಕವರ್ಗ ಖಾಲಿ, ಚವರ್ಗ ಖಾಲಿ, ಸ ಶ ಖಾಲಿ.

ಅದೇನೂ ಹೆದರುವ ವಿಷಯವಲ್ಲ ಎಂದುಕೊಂಡೆ. ಎರಡು ವರ್ಷದ ಮಕ್ಕಳಿಗೆ ಕ, ಗ ತಡವಾಗುವುದುಂಟು, ಸ ಇನ್ನೂ ತಡ. ಆದರೆ ಬೇರೆ ಮಕ್ಕಳು ಬಾರದ ಅಕ್ಷರದ ಜಾಗದಲ್ಲಿ ಬೇರೊಂದನ್ನು ಇಡುತ್ತಿದ್ದರು. ಚನ್ನಗಿರಿ ತಾಲ್ಲೂಕಿನ ಉಬ್ರಾಣಿಯ ಹುಡುಗ ಕಾಗೆ ಕಂಡರೆ 'ತಾತಾ' ಎನ್ನುತ್ತಿದ್ದ, ಹೊನ್ನಾಳಿಯ ಹುಡುಗಿ 'ಸಾಕು' ಎನ್ನಲು 'ತಾತು' ಎನ್ನುತ್ತಿದ್ದಳು. ಜಗಳೂರಿನ ಹುಡುಗಿ ಕಾಗೆಗೆ 'ಆಆ' ಎನ್ನುತ್ತಿದ್ದಳು. ಅಕ್ಷರದ ಜಾಗದಲ್ಲಿ ಏನನ್ನೂ ಇಡುತ್ತಿರಲಿಲ್ಲ, ಖಾಲಿ ಬಿಡುತ್ತಿದ್ದಳು. 'ಸಾಕು' ಅಂತೂ ಆರು ತಿಂಗಳಲ್ಲಿ ಒಮ್ಮೆಯೂ ಇರಲಿಲ್ಲ. ತಟ್ಟೆ ದೂಡುತ್ತಿದ್ದಳು, ಅಷ್ಟೇ.

ಅವಳಿಗೆ ಬಂದ ಅಕ್ಷರಗಳು ಹೆಚ್ಚುಕಡಿಮೆ ಎಲ್ಲ ತುಟಿಯವು. ಅಂದರೆ ಕಣ್ಣಿಗೆ ಕಾಣುವ ಅಕ್ಷರಗಳು.

ಹಾಗೆಂದು ಹೊಳೆದಾಗ ನನಗೆ ಮೊದಲು ಬಂದದ್ದು ಕನಿಕರವಲ್ಲ, ಸಿಟ್ಟು. ವರದಿ ಮರುದಿನ ಹೋಗಬೇಕಿತ್ತು. ಈ ಯೋಚನೆ ಬರದೇ ಇದ್ದಿದ್ದರೆ ಚೆನ್ನಾಗಿತ್ತು ಅನಿಸಿತು. ಆದರೂ ಎದ್ದು ಆರೂ ತಿಂಗಳ ನೋಟ್‌ಬುಕ್ಕುಗಳನ್ನು ಚೀಲದಿಂದ ತೆಗೆದೆ. ಜಗಳೂರಿನ ಪುಟಗಳ ಅಂಚಿನಲ್ಲಿ, ನನ್ನದೇ ಕೈಬರಹದಲ್ಲಿ, ಸಣ್ಣದಾಗಿ ಇತ್ತು: ಕೈ ತೋರಿಸಿ. ಚೊಂಬಿನ ಕಡೆ ಕೈ. ಕದದ ಕಡೆ ಗದ್ದ ಎತ್ತಿ. ಮುಖ ಹಿಡಿದು ತನ್ನ ಕಡೆ ತಿರುಗಿಸಿಕೊಂಡು. ಪುಟಪುಟಕ್ಕೂ ಇತ್ತು. ಕಣ್ಣಾರೆ ನೋಡಿದ್ದೆ, ಬರೆದಿದ್ದೆ. ಕಂಪ್ಯೂಟರಿಗೆ ಏರಿಸುವಾಗ ಅದಕ್ಕೆ ಕಾಲಂ ಇಲ್ಲವೆಂದು ಬಿಟ್ಟಿದ್ದೆ. ಚೊಂಬಿನ ಸದ್ದನ್ನು ರೆಕಾರ್ಡರ್ ಕೇಳಿತ್ತು. ತಾಯಿಯ ಮಾತನ್ನೂ ರೆಕಾರ್ಡರ್ ಕೇಳಿತ್ತು. ಎರಡರ ನಡುವೆ ಇದ್ದ ಮಗು ಕೇಳಿತ್ತೇ ಎಂದು ನಾನು ಕೇಳಿಕೊಂಡಿರಲಿಲ್ಲ.

ಮುಖ್ಯಸ್ಥೆಗೆ ಫೋನು ಮಾಡಿದೆ. ಅವರು ಕೆಟ್ಟವರಲ್ಲ. ಪೂರ್ತಿ ಕೇಳಿಸಿಕೊಂಡರು. "ನೋಡಮ್ಮ, ನೀನೂ ಡಾಕ್ಟರಲ್ಲ, ನಾನೂ ಡಾಕ್ಟರಲ್ಲ. ಅನುಮಾನ ತಪ್ಪಾದರೆ ಒಂದು ಸಂಸಾರಕ್ಕೆ ಸುಮ್ಮನೆ ದಿಗಿಲು ಹಚ್ಚಿದ ಹಾಗಾಗುತ್ತೆ" ಎಂದರು.

"ಸರಿಯಾದರೆ ಮೇಡಂ?"

"ಇನ್ನು ಎರಡು ರೆಕಾರ್ಡಿಂಗ್ ಇದೆ. ಮುಗಿಸಿಬಿಡು, ಆಮೇಲೆ ನಾವೇ ಕಾಗದ ಬರೆದು ತಿಳಿಸೋಣ. ಈಗ ಹೇಳಿದರೆ ತಾಯಿ ಮಗುವಿನ ಜೊತೆ ಮಾತಾಡೋ ರೀತಿಯೇ ಬದಲಾಗಿಬಿಡುತ್ತೆ. ಜಗಳೂರಿಗೆ ಇರೋದು ಅದೊಂದೇ ಮಗು. ಅದೂ ಹೋದರೆ ನಾಲ್ಕು ತಾಲ್ಲೂಕು ಅಂತ ಹೇಳೋದು ಹೆಂಗೆ?"

ನಾನು ಹೂಂ ಎಂದೆ. ಆರು ತಿಂಗಳ ಬಸ್ಸಿನ ಧೂಳು ಮೈಯಲ್ಲಿರುವಾಗ ಹೂಂ ಎನ್ನುವುದೇ ಸುಲಭ. ವರದಿ ಕಳಿಸಿದೆ. ಅದರಲ್ಲಿ ಜಗಳೂರಿನ ಟಿಕ್ ಗುರುತುಗಳು ಹಾಗೇ ಹೋದವು.

ಮುಂದಿನ ಒಂದು ವಾರದಲ್ಲಿ ಚನ್ನಗಿರಿ, ನ್ಯಾಮತಿ, ಹೊನ್ನಾಳಿ ಮುಗಿಸಿದೆ. ಎಲ್ಲಿ ಹೋದರೂ ಮಕ್ಕಳ ಕಿವಿ ನೋಡುತ್ತಿದ್ದೆ. ಮಗು ಗೋಡೆ ಕಡೆ ಮುಖ ಮಾಡಿದ್ದಾಗ ಯಾರಾದರೂ ಕರೆದರೆ ತಿರುಗುತ್ತದೆಯೇ ಎಂದು ಕಾಯುತ್ತಿದ್ದೆ. ತಿರುಗುತ್ತಿದ್ದವು, ನಾಲ್ಕೂ. ನ್ಯಾಮತಿಯ ಹುಡುಗನಂತೂ ಹೊರಗೆ ಬಿಸ್ಕೆಟ್ ಪೊಟ್ಟಣ ಹರಿದ ಸದ್ದಿಗೆ ಒಳಗಿನಿಂದ ಓಡಿ ಬಂದ. ಪ್ರತಿಯೊಂದು ಸಲವೂ ಸಮಾಧಾನವಾಗುವುದರ ಬದಲು ಜಗಳೂರಿನ ಹಾಳೆಯ ಖಾಲಿ ಸಾಲುಗಳೇ ಕಣ್ಣ ಮುಂದೆ ಬರುತ್ತಿದ್ದವು.

ಜಗಳೂರಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತು ಲೆಕ್ಕ ಹಾಕಿದೆ. ಎರಡು ತಿಂಗಳು ಅಂದರೆ ನಮಗೆ ಎರಡು ಮುದ್ರಣ. ಎರಡು ವರ್ಷ ಮೂರು ತಿಂಗಳಾದ ಮಗುವಿಗೆ ಅದು ಎಷ್ಟು ಮಾತು? ನನ್ನ ಹತ್ತಿರವೇ ಉಬ್ರಾಣಿಯ ಹುಡುಗನ ಕೋಷ್ಟಕವಿತ್ತು. ನಾಲ್ಕನೇ ತಿಂಗಳಿನಿಂದ ಆರಕ್ಕೆ ಬರುವಷ್ಟರಲ್ಲಿ ಅವನು ಒಂಟಿ ಪದ ಬಿಟ್ಟು 'ಅಪ್ಪ ಗಾಡಿ ಹೋತು' ಎನ್ನುತ್ತಿದ್ದ. ಅವನಿಗೆ ವಾಕ್ಯ ಬಂದದ್ದು ಆ ಎರಡು ತಿಂಗಳಲ್ಲೇ. ಆಟೋ ಇಳಿಯುವಾಗ ತೀರ್ಮಾನವಾಗಿತ್ತು. ರೆಕಾರ್ಡರನ್ನು ಚೀಲದಿಂದ ಹೊರಗೆ ತೆಗೆಯಲಿಲ್ಲ.

ಮನೆಯಲ್ಲಿ ತಾಯಿ, ಅಜ್ಜಿ ಇಬ್ಬರೂ ಇದ್ದರು. ಪುಟ್ಟಿ ಬಾಗಿಲಿಗೆ ಬೆನ್ನು ಮಾಡಿ, ಶೇಂಗಾ ಸಿಪ್ಪೆಯನ್ನು ಲೋಟಕ್ಕೆ ತುಂಬುತ್ತಿದ್ದಳು.

"ಇವತ್ತು ಡಬ್ಬಿ ಹಾಕಲ್ಲೇನ್ರಿ ಮೇಡಮ್ಮೋರೆ?" ಎಂದಳು ತಾಯಿ.

"ಇಲ್ಲ. ಇವತ್ತು ಒಂದು ಕೆಲಸ ಐತೆ. ನೀವು ಅವಳ ಹಿಂದೆ ಕುಂತ್ಕಳ್ರಿ. ಕೈ ಎತ್ತಬ್ಯಾಡ್ರಿ. ಸುಮ್ಮನೆ ಹೆಸರು ಕರೀರಿ."

ಅವಳು ನಗುತ್ತ ಕುಳಿತಳು. "ಪುಟ್ಟೀ."

ಮಗು ಸಿಪ್ಪೆ ತುಂಬುತ್ತಿತ್ತು.

"ಪುಟ್ಟೀ, ಇಲ್ನೋಡು. ಪುಟ್ಟೀ!"

ತಾಯಿಯ ಕೈ ತಾನಾಗಿಯೇ ಮಗುವಿನ ಭುಜದ ಕಡೆ ಹೋಯಿತು. ನಾನು ಬೇಡವೆಂದು ತಲೆಯಾಡಿಸಿದೆ. ಅವಳು ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಮತ್ತೆ ಕರೆದಳು. ಆಮೇಲೆ ಮುಂದೆ ಹೋಗಿ ಎದುರಿಗೆ ಕುಳಿತಳು. ಸೆರಗನ್ನು ಬಾಯಿಗೆ ಅಡ್ಡ ಹಿಡಿದು "ಲೋಟ ಕೊಡು" ಎನ್ನಿ ಎಂದೆ. ಹೇಳಿದಳು. ಮಗು ಸೆರಗನ್ನು ನೋಡಿತು, ಆಟವೆಂದುಕೊಂಡು ನಕ್ಕಿತು, ಸೆರಗು ಎಳೆಯಲು ಕೈ ಚಾಚಿತು. ತಾಯಿ ಸೆರಗು ಇಳಿಸಿ, ಮೊದಲಿನ ಹಾಗೆ ಕೈ ಮುಂದೆ ಮಾಡಿ "ಲೋಟ ಕೊಡು" ಎಂದಳು. ತಕ್ಷಣ ಲೋಟ ಅವಳ ಕೈಗೆ ಬಂತು.

ನಾನು ವಿವರಿಸಬೇಕಾದ್ದೇನೂ ಉಳಿದಿರಲಿಲ್ಲ.

ಮೊದಲು ಬಾಯಿಬಿಟ್ಟವರು ಅಜ್ಜಿ. "ಏನ್ ಹೇಳಾಕೆ ಬಂದೀಯವ್ವಾ ನೀನು? ಅವರಪ್ಪನೂ ನಾಕು ವರ್ಷಕ್ಕೆ ಮಾತಾಡಿದ್ದು. ಟ್ರ್ಯಾಕ್ಟರ್ ಬಂದ್ರೆ ಸಾಕು, ಎಲ್ಲಿದ್ರೂ ಎದ್ದು ಬಾಗ್ಲಿಗೆ ಓಡ್ತೈತೆ ಕೂಸು. ಕಿವಿ ಕೇಳ್ದೆ ಹೆಂಗ್ ಓಡ್ತೈತೆ?"

"ದಪ್ಪ ಸದ್ದು ಒಂದಿಷ್ಟು ಕೇಳ್ತಿರಬಹುದು ಅಜ್ಜೀ. ನೆಲ ಅದುರಿದ್ದೂ ಕಾಲಿಗೆ ಗೊತ್ತಾಗ್ತೈತಲ್ಲ. ನನಗೂ ಖಾತ್ರಿ ಇಲ್ಲ. ಅದಕ್ಕೇ ಒಂದ್ಸಲ ತೋರಿಸೋಣ ಅಂತ."

"ಹೆಣ್ಣು ಕೂಸು. ಕಿವುಡಿ ಅಂತ ಊರ ಬಾಯಿಗೆ ಬಿದ್ರೆ ಆಮೇಲೆ ನೀನು ಬಂದು ಬಾಯಿ ಮುಚ್ಚಿಸ್ತೀಯಾ?"

ಅದಕ್ಕೆ ಉತ್ತರ ಕೊಟ್ಟದ್ದು ಸೊಸೆ. ಮಗುವಿನ ಮುಖದಿಂದ ಕಣ್ಣು ತೆಗೆಯದೆ, "ಅತ್ತೆ, ನಾನು ಹೋಗಿ ಬರ್ತೀನಿ" ಎಂದಳು. "ನೀವು ಒಪ್ಪಿದ್ರೂ ಹೋಗ್ತೀನಿ."

ಒಪ್ಪದಿದ್ದರೆ ಎಂಬುದನ್ನು ಅವಳು ಹೇಳಲಿಲ್ಲ. ಹೇಳದೆಯೂ ಮೂವರಿಗೂ ತಿಳಿಯಿತು.

ಚಿಕ್ಕ ಮಕ್ಕಳ ಕಿವಿ ಪರೀಕ್ಷೆ ಮಗು ನಿದ್ದೆಯಲ್ಲಿರುವಾಗ ಆಗಬೇಕು. ಹಣೆಗೂ ಕಿವಿಯ ಹಿಂದಕ್ಕೂ ವೈರು ಅಂಟಿಸಿ, ಕಿವಿಯೊಳಗೆ ಸದ್ದು ಬಿಟ್ಟು, ಅದು ಮೆದುಳಿಗೆ ಮುಟ್ಟಿತೇ ಎಂದು ಪರದೆಯ ಮೇಲೆ ಗೆರೆ ನೋಡುತ್ತಾರೆ. ಮಗು ಅಲುಗಾಡಿದರೆ ಗೆರೆ ಕೆಡುತ್ತದೆ. ಮೊದಲ ಸಲ ಪುಟ್ಟಿ ದಾವಣಗೆರೆಯ ಬಸ್ಸಿನಲ್ಲೇ ದಾರಿಯುದ್ದಕ್ಕೂ ಗಡದ್ದಾಗಿ ಮಲಗಿದಳು, ಆಸ್ಪತ್ರೆಯಲ್ಲಿ ಕಣ್ಣು ಮುಚ್ಚಲಿಲ್ಲ. ನಿದ್ದೆಯ ಔಷಧಿ ಕುಡಿಸಿದರು, ವಾಂತಿ ಮಾಡಿಕೊಂಡಳು. ತಾಯಿ, ಮಗು, ಜೊತೆಗೆ ಹೋಗಿದ್ದ ನಾನು, ಮೂವರೂ ಸಂಜೆಯವರೆಗೆ ಕಾದು ಆಸ್ಪತ್ರೆಯಿಂದ ಹಾಗೇ ಹೊರಬಂದೆವು. ಹತ್ತು ದಿನ ಬಿಟ್ಟು ಬನ್ನಿ ಎಂದರು.

ಎರಡನೇ ಸಲ ಅವಳನ್ನು ಬಸ್ಸಿನಲ್ಲಿ ಮಲಗಲು ಬಿಡದಿರುವುದು ನನ್ನ ಪಾಲಿಗೆ ಬಂತು. ತಿಂಗಳುಗಟ್ಟಲೆ ಆ ಮಗುವಿನ ಎದುರು ಮರದ ಬೊಂಬೆಯ ಹಾಗೆ ಕುಳಿತಿದ್ದವಳು ನಾನು. ಈಗ ಒಂದೂವರೆ ಗಂಟೆ ಬಾಯಿ ಉಬ್ಬಿಸಿದೆ, ನಾಲಗೆ ಚಾಚಿದೆ, ಕರ್ಚೀಫಿನಲ್ಲಿ ಇಲಿ ಮಾಡಿ ಅವಳ ಮೊಣಕೈ ಮೇಲೆ ಓಡಿಸಿದೆ. ಮುಂದಿನ ಸೀಟಿನ ಗಂಡಸು ತಿರುಗಿ ತಿರುಗಿ ನೋಡುತ್ತಿದ್ದ. ಅವಳು ನಕ್ಕದ್ದಕ್ಕೆ ನಾನು ನಕ್ಕೆ. ಆ ಕೆಲಸಕ್ಕೆ ಸೇರಿದ ಮೇಲೆ ಮಗುವೊಂದನ್ನು ನೋಡಿ ನಕ್ಕದ್ದು ಅದೇ ಮೊದಲು ಎಂದು ಆಗ ನೆನಪಾಯಿತು.

ಅವತ್ತು ಮಲಗಿದಳು. ಪರೀಕ್ಷೆ ಮಾಡಿದ ತಜ್ಞೆ ಚಿಕ್ಕ ವಯಸ್ಸಿನ ಹುಡುಗಿ. ಹೊರಗೆ ಬಂದು ನಮ್ಮಿಬ್ಬರನ್ನೂ ಕೂರಿಸಿ, ನಿಧಾನವಾಗಿ ಹೇಳಿದಳು. ಎರಡೂ ಕಿವಿಗೆ ತೊಂದರೆಯಿದೆ. ದಪ್ಪ ಸದ್ದು, ಜೋರು ಸದ್ದು ಸ್ವಲ್ಪ ಮುಟ್ಟುತ್ತದೆ. ಮಾತಿನ ಸಣ್ಣ ಸದ್ದುಗಳು ಮುಟ್ಟುವುದೇ ಇಲ್ಲ. ಕಿವಿಗೆ ಮಷಿನ್ ಹಾಕಿದರೆ, ಮಾತಿನ ಅಭ್ಯಾಸ ಮಾಡಿಸಿದರೆ ಪ್ರಯೋಜನವಿದೆ. ಬೇಗ ಬಂದದ್ದು ಒಳ್ಳೆಯದಾಯಿತು.

ಬೇಗ ಎಂಬ ಮಾತು ನನಗೆ ನುಂಗಲಾಗಲಿಲ್ಲ.

ತಜ್ಞೆ ಒಳಗೆ ಹೋದ ಮೇಲೆ ತಾಯಿ ಬಹಳ ಹೊತ್ತು ಮಗುವಿನ ಹಣೆಯ ಅಂಟನ್ನು ಸೆರಗಿನ ತುದಿಯಿಂದ ಒರೆಸುತ್ತ ಕುಳಿತಳು. ಆಮೇಲೆ, ತಲೆ ಎತ್ತದೆ ಕೇಳಿದಳು. "ಮೇಡಮ್ಮೋರೆ, ನಾನು ಹತ್ತನೇ ಕ್ಲಾಸು ಫೇಲು. ನೀವು ತಿಂಗ್ಳಿಗೊಂದ್ಸಲ ಬಂದು ತಾಸುಗಟ್ಲೆ ಕುಂತು ಬರ್ಕಂತಿದ್ರಿ. ನಿಮಗೂ ಗೊತ್ತಾಗ್ಲಿಲ್ವಾ?"

ಸಿಟ್ಟಿನಿಂದ ಕೇಳಿದ್ದಲ್ಲ. ನಿಜವಾಗಿಯೂ ತಿಳಿಯಬೇಕಿತ್ತು ಅವಳಿಗೆ. ನಾನು ಚೀಲದಿಂದ ನೋಟ್‌ಬುಕ್ ತೆಗೆದು ಅಂಚಿನ ಬರಹ ತೋರಿಸಿದೆ. ನೀವು ಕೈ ತೋರಿಸುತ್ತಿದ್ದದ್ದನ್ನು ಮೊದಲ ತಿಂಗಳಿನಿಂದಲೂ ನೋಡಿದ್ದೇನೆ, ಬರೆದಿದ್ದೇನೆ, ಅದರ ಅರ್ಥವೇನೆಂದು ಯೋಚಿಸಲಿಲ್ಲ ಎಂದೆ. ಗೊತ್ತಾದ ಮೇಲೂ ಒಂದು ವಾರ ಸುಮ್ಮನಿದ್ದೆ ಎಂಬುದನ್ನೂ ಹೇಳಿದೆ. ಹೇಳದೆ ಇರಬಹುದಿತ್ತು. ಅವಳು ನನ್ನ ಆ ಸಣ್ಣ ಗೀಚುಬರಹವನ್ನು ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದಿದಳು.

"ನಾನು ಬೇಕಂತ ಮಾಡ್ತಿರ್ಲಿಲ್ರಿ," ಎಂದಳು. "ಹಂಗೆ ಮಾಡಿದ್ರೆ ಬರ್ತಿದ್ಲು. ಅದಕ್ಕೇ ಮಾಡ್ತಿದ್ದೆ." ನೋಟ್‌ಬುಕ್ ಮಡಚಿ ನನ್ನ ಕೈಗೆ ಕೊಟ್ಟಳು. ಪರವಾಗಿಲ್ಲ ಎಂದು ಹೇಳಲಿಲ್ಲ. ಹೇಳಬೇಕೆಂದು ನಾನೂ ಎದುರು ನೋಡಲಿಲ್ಲ.

ಮುಖ್ಯಸ್ಥೆಗೆ ಅವತ್ತೇ ತಿಳಿಸಿದೆ. ಬೈಗುಳಕ್ಕೆ ಸಿದ್ಧವಾಗಿದ್ದೆ. ಅವರು ಬೈಯಲಿಲ್ಲ. "ಎರಡೂ ಕಿವೀನಾ?" ಎಂದು ಎರಡು ಸಲ ಕೇಳಿದರು. ಜಗಳೂರಿನ ದಾಖಲೆಯನ್ನೆಲ್ಲ ಅಧ್ಯಯನದಿಂದ ತೆಗೆಯಬೇಕಾಯಿತು. ಶೀರ್ಷಿಕೆಯಲ್ಲಿ ನಾಲ್ಕು ಇದ್ದದ್ದು ಮೂರಾಯಿತು. ಒಂದು ವಾರದ ಮೇಲೆ ಅವರೇ ಫೋನು ಮಾಡಿ, ತಾಯಿಯ ಕೈ, ಮುಖ, ನೋಟ ಎಂದು ಹೊಸ ಕಾಲಂ ಸೇರಿಸೋಣ, ಹಿಂದಿನದ್ದನ್ನೂ ನೋಟ್‌ಬುಕ್ ನೋಡಿ ತುಂಬಿಸು ಎಂದರು. ಅಂದರೆ ಉಳಿದ ನಾಲ್ಕು ಮಕ್ಕಳ ಎಲ್ಲ ಗಂಟೆಗಳನ್ನೂ ಮತ್ತೆ ಮೊದಲಿನಿಂದ ಕೇಳಬೇಕು. ಎರಡು ತಿಂಗಳು ಹಿಡಿಯಿತು. ಎಲ್ಲರ ಟಿಕ್ ಗುರುತುಗಳೂ ಇಳಿದವು. ಎಲ್ಲ ತಾಯಂದಿರೂ ಕೈಯಲ್ಲೇ ಅರ್ಧ ಮಾತಾಡುತ್ತಿದ್ದರು. ನಾನು ಎಲ್ಲರ ಕೈಗಳನ್ನೂ ಬಿಟ್ಟು ಬರೆದಿದ್ದೆ. ಕೆಲಸ ಮುಗಿದ ದಿನ ಹೆಡ್‌ಫೋನ್ ತೆಗೆದಿಟ್ಟು ಹಾಸಿಗೆ ಬಿಡಿಸದೆ ನೆಲದ ಮೇಲೇ ಮಲಗಿದೆ.

ಪುಟ್ಟಿಗೆ ಮಷಿನ್ ಸಿಗಲು ಅರ್ಜಿ, ದೃಢೀಕರಣ ಎಂದು ಮೂರು ತಿಂಗಳಾಯಿತು. ಹಾಕಿದ ದಿನ ಕಿರುಚಾಡಿ ಕಿತ್ತೆಸೆದಳಂತೆ. ಅಜ್ಜಿ ಅದನ್ನು ಶೇಂಗಾ ರಾಶಿಯಲ್ಲಿ ಎರಡು ದಿನ ಹುಡುಕಿ ತೆಗೆದರಂತೆ. ವಾರಕ್ಕೊಮ್ಮೆ ಮಾತಿನ ಅಭ್ಯಾಸಕ್ಕೆ ದಾವಣಗೆರೆಗೆ ಬರಬೇಕು. ತಾಯಿ ಕೆಲವು ವಾರ ಬರುತ್ತಿದ್ದಳು, ಕೆಲವು ವಾರ ಬರಲಾಗುತ್ತಿರಲಿಲ್ಲ. ಇದನ್ನೆಲ್ಲ ಫೋನಿನಲ್ಲಿ ಕೇಳುತ್ತಿದ್ದೆ. ಎಲ್ಲ ಸರಿಹೋಯಿತು ಎಂದು ಬರೆಯಲಾರೆ. ವಯಸ್ಸಿಗೆ ತಕ್ಕ ಮಾತು ಇನ್ನೂ ಬಂದಿಲ್ಲ, ಎಷ್ಟು ಬರುತ್ತದೋ ಯಾರಿಗೂ ಗೊತ್ತಿಲ್ಲ.

ಯೋಜನೆ ಮುಗಿದ ಮೇಲೆ ಒಂದು ದಿನ ಕೈಯಲ್ಲಿ ಏನೂ ಇಲ್ಲದೆ ಆ ಮನೆಗೆ ಹೋದೆ. ತಾಯಿ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಹುಡುಗಿ ಅಂಗಳದಲ್ಲಿ ನಮಗೆ ಬೆನ್ನು ಮಾಡಿ, ಬಕೆಟ್ ನೀರಿಗೆ ಮಣ್ಣು ಹಾಕಿ ಕಲಸುತ್ತಿದ್ದಳು. ಎರಡೂ ಕಿವಿಯ ಹಿಂದೆ ಮಷಿನ್ ಇತ್ತು, ದಾರ ಕಟ್ಟಿ ಅಂಗಿಗೆ ಪಿನ್ನು ಹಾಕಿದ್ದರು.

"ಪುಟ್ಟೀ, ನೀರು ಬಿಟ್ಟು ಒಳಗೆ ಬಾ," ಎಂದು ತಾಯಿ ಒಳಗಿನಿಂದಲೇ ಕೂಗಿದಳು. ಹುಡುಗಿ ಅಲುಗಲಿಲ್ಲ. ತಾಯಿ ಇನ್ನೊಮ್ಮೆ ಕೂಗಿದಳು. ಹುಡುಗಿ ಅರ್ಧ ಕತ್ತು ತಿರುಗಿಸಿ, ಬಾಗಿಲ ಕಡೆ ನೋಡಿ, 'ಬ್ಯಾಡ'ದ ಡ ಬಿಟ್ಟು "ಬ್ಯಾಆ" ಎಂದು ರಾಗವಾಗಿ ಹೇಳಿ, ಮತ್ತೆ ಮಣ್ಣಿಗೆ ಕೈ ಹಾಕಿದಳು.

ತಾಯಿ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನನ್ನ ಕಡೆ ನೋಡಿದಳು. ಬೆವರಿ ಹೋಗಿದ್ದಳು, ಸುಸ್ತಾಗಿದ್ದಳು. "ನೋಡಿದ್ರಾ ಮೇಡಮ್ಮೋರೆ? ಮೊದ್ಲು ಕೇಳಿಸ್ತಿರ್ಲಿಲ್ಲ, ಹೇಳಿದ್ದೆಲ್ಲಾ ಮಾಡ್ತಿದ್ಲು. ಈಗ ಕೇಳಿಸ್ತೈತೆ, ಒಂದ್ ಮಾತೂ ಕೇಳಲ್ಲ."

ಹಾಗೆಂದು ಅಂಗಳಕ್ಕಿಳಿದು ಮಗಳನ್ನು ರೆಟ್ಟೆ ಹಿಡಿದು ಎತ್ತಿಕೊಂಡು ಹೋದಳು. ಹುಡುಗಿ ದಾರಿಯುದ್ದಕ್ಕೂ ಬ್ಯಾಆ, ಬ್ಯಾಆ ಎಂದು ಕೂಗುತ್ತಲೇ ಇದ್ದಳು.